ಅಳತೆಗೆ ನಿಲ್ಲದ ಪ್ರೀತಿ: ಪ್ಯೂರಿಟನ್ ಕವಿತೆಯ ಒಳಗಿನ ಜಗ್ಗಾಟ

1674ರಲ್ಲಿ ಎಡ್ವರ್ಡ್ ಟೇಲರ್ ಎಂಬ ಪಾದ್ರಿ ತಾನು ಮದುವೆಯಾಗಲಿದ್ದ ಎಲಿಜಬೆತ್ ಫಿಚ್‌ಗೆ ಒಂದು ಪತ್ರ ಬರೆದ. ಆತ ಇದ್ದದ್ದು ವೆಸ್ಟ್‌ಫೀಲ್ಡ್‌ನಲ್ಲಿ. ಅಮೆರಿಕದಲ್ಲಿದ್ದ ಇಂಗ್ಲಿಷರ ಮಸಾಚುಸೆಟ್ಸ್ ವಸಾಹತಿನ ಪಶ್ಚಿಮದಂಚಿನ ಪುಟ್ಟ ಊರು ಅದು. ನನ್ನ ಪ್ರೀತಿಗೆ ಬೇರೆ ತಕ್ಕ ಹೋಲಿಕೆ ಹೊಳೆಯುತ್ತಿಲ್ಲ, ಅದು ಎದೆಯೊಳಗೆ ಅತ್ತಿಂದಿತ್ತ ಉರುಳಾಡುವ ಅಪ್ಪಟ ಬೆಂಕಿಯ ಚಿನ್ನದ ಚೆಂಡು, ಆಗೊಮ್ಮೆ ಈಗೊಮ್ಮೆ ಅದರಿಂದ ಸೂರ್ಯಕಿರಣದಂಥ ಕಿಡಿ ಹಾರುತ್ತದೆ ಎಂದು ಆತ ಬರೆಯುತ್ತಾನೆ. ಅದೇ ಪತ್ರದಲ್ಲಿ ಇನ್ನೂ ಎರಡು ಮಾತಿವೆ. ನನ್ನ ಹೃದಯವನ್ನು ನಿನಗೆ ಕಳಿಸುತ್ತಿಲ್ಲ, ಅದು ಎಂದೋ ಸ್ವರ್ಗಕ್ಕೆ ಹೋಗಿದೆ ಎಂದು ನಂಬಿದ್ದೇನೆ. ಆದರೆ ಸೃಷ್ಟಿಯ ಜೀವಿಯೊಂದಕ್ಕೆ ಕೊಡಲು ಅಪ್ಪಣೆಯಿರುವ ಪಾಲೆಲ್ಲ ನಿನ್ನೊಬ್ಬಳದೇ. ಗಂಡಹೆಂಡಿರ ಪ್ರೀತಿ ಬೇರೆಲ್ಲ ಪ್ರೀತಿಯನ್ನೂ ಮೀರಬೇಕು. ಆದರೂ ಅದಕ್ಕೊಂದು ಎಲ್ಲೆ ಬೇಕು, ದೇವರ ಮಹಿಮೆಗೆ ಅದು ಅಧೀನವಾಗಿರಬೇಕು.

ಇಂದು ಓದಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ಕಾಣುತ್ತದೆ. ಟೇಲರ್‌ಗೆ ಹಾಗೆ ಅನಿಸಿರಲಿಲ್ಲ. ಬೆಂಕಿಯ ಚೆಂಡೂ ನಿಜ, ಎಲ್ಲೆಯೂ ನಿಜ. 17ನೇ ಶತಮಾನದ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಈಶಾನ್ಯ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ, ಹುಟ್ಟಿದ ಪ್ಯೂರಿಟನ್ ಕವಿತೆ ಅರ್ಥವಾಗಬೇಕಾದರೆ ಈ ಎರಡನ್ನೂ ಒಟ್ಟಿಗೆ ಕಿವಿಗೆ ಹಾಕಿಕೊಳ್ಳಬೇಕು. ಈ ಜನ ಭಾವನೆಯನ್ನು ಹತ್ತಿಕ್ಕಿದವರು ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅವರ ಕವಿತೆಗಳನ್ನು ಓದಿದವರಿಗೆ ಆ ಮಾತು ನಿಲ್ಲುವುದಿಲ್ಲ. ಅವರು ಪ್ರೀತಿಯನ್ನು ನಿಷೇಧಿಸಲಿಲ್ಲ, ಅಳೆಯಲು ಹೊರಟರು. ಅಳತೆ ಸೋತ ಜಾಗಗಳಲ್ಲಿ ಅವರ ಒಳ್ಳೆಯ ಕವಿತೆಗಳು ಹುಟ್ಟಿವೆ.

ಪ್ರೀತಿಸುವುದೂ ಒಂದು ಕರ್ತವ್ಯ

ಪ್ಯೂರಿಟನ್ನರು ಇಂಗ್ಲೆಂಡಿನ ಚರ್ಚು ಇನ್ನೂ ಸಾಕಷ್ಟು ಶುದ್ಧವಾಗಿಲ್ಲ, ಕ್ಯಾಥೊಲಿಕ್ ಆಚರಣೆಗಳ ಉಳಿಕೆ ಅದರಲ್ಲಿ ಬಹಳ ಇದೆ ಎಂದು ವಾದಿಸಿದ ಪ್ರೊಟೆಸ್ಟೆಂಟರು. 1630ರಲ್ಲಿ ಜಾನ್ ವಿಂತ್ರಾಪನ ಮುಂದಾಳ್ತನದಲ್ಲಿ ಅವರ ದೊಡ್ಡ ಗುಂಪೊಂದು ಅಟ್ಲಾಂಟಿಕ್ ದಾಟಿ ಮಸಾಚುಸೆಟ್ಸ್ ಕೊಲ್ಲಿಗೆ ಬಂತು. 16ನೇ ಶತಮಾನದ ಧರ್ಮಸುಧಾರಕ ಕ್ಯಾಲ್ವಿನ್ ಹೇಳಿದ ಒಂದು ಮಾತು ಅವರ ಬದುಕಿನ ತಳಹದಿಯಾಗಿತ್ತು: ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾನೆ. ಮನುಷ್ಯನ ಪುಣ್ಯಕಾರ್ಯದಿಂದ ಆ ತೀರ್ಮಾನ ಬದಲಾಗದು. ಹಾಗಾದರೆ ನಾನು ಆರಿಸಲ್ಪಟ್ಟವನೇ ಎಂದು ತಿಳಿಯುವುದು ಹೇಗೆ? ನನ್ನೊಳಗೆ ನಾನೇ ಇಣುಕಿ ನೋಡಬೇಕು. ದೇವರ ಮೇಲೆ ನಿಜವಾದ ಪ್ರೀತಿ ಹುಟ್ಟಿದೆಯೇ, ಪಾಪದ ಬಗ್ಗೆ ನಿಜವಾದ ದುಃಖವಿದೆಯೇ ಎಂದು ದಿನದಿನವೂ ಪರೀಕ್ಷಿಸಿಕೊಳ್ಳಬೇಕು. ಚರ್ಚಿನ ಪೂರ್ಣ ಸದಸ್ಯತ್ವ ಬೇಕೆಂದರೆ ತನ್ನ ಮನಸ್ಸು ಹೇಗೆ ಕರಗಿತು, ಹೇಗೆ ತಿರುಗಿತು ಎಂಬುದನ್ನು ಸಭೆಗೆ ವಿವರಿಸಬೇಕಿತ್ತು. ಹೀಗೆ ಭಾವನೆ ಅವರಿಗೆ ಸಾಕ್ಷ್ಯವಾಯಿತು. ಭಾವನೆಯ ಮೇಲೆ ಇಷ್ಟು ಭಾರ ಹೊರಿಸಿದ ಸಮಾಜ ಅದನ್ನು ಕಡೆಗಣಿಸಲು ಹೇಗೆ ಸಾಧ್ಯ?

ಮದುವೆಯ ವಿಷಯದಲ್ಲೂ ಅವರ ನಿಲುವು ನಾವು ಊಹಿಸುವಂಥದ್ದಲ್ಲ. ಬ್ರಹ್ಮಚರ್ಯ ಹೆಚ್ಚು ಪವಿತ್ರ ಎಂಬ ಹಳೆಯ ಕಲ್ಪನೆಯನ್ನು ಅವರು ತಳ್ಳಿಹಾಕಿದ್ದರು. ಮದುವೆ ಚರ್ಚಿನ ಸಂಸ್ಕಾರವಲ್ಲ, ಇಬ್ಬರ ನಡುವಿನ ಒಡಂಬಡಿಕೆ. ಅದನ್ನು ನಡೆಸಿಕೊಡುತ್ತಿದ್ದವನು ಮ್ಯಾಜಿಸ್ಟ್ರೇಟ್. ಆ ಒಡಂಬಡಿಕೆಯ ಮೊದಲ ಷರತ್ತೇ ಪರಸ್ಪರ ಪ್ರೀತಿ, ದೇಹದ ಪ್ರೀತಿಯೂ ಸೇರಿ. ಎರಡು ವರ್ಷ ಹೆಂಡತಿಯ ಸಂಗ ಬಿಟ್ಟ ಗಂಡನೊಬ್ಬನನ್ನು ಬಾಸ್ಟನ್ನಿನ ಚರ್ಚು ಹೊರಹಾಕಿದ ದಾಖಲೆಯಿದೆ. ಇತ್ತ ವಿಂತ್ರಾಪ್ ಹಡಗು ಹತ್ತುವ ಮುನ್ನ, ಇಂಗ್ಲೆಂಡಿನಲ್ಲೇ ಉಳಿದ ಹೆಂಡತಿ ಮಾರ್ಗರೆಟ್‌ಳೊಡನೆ ಒಂದು ಏರ್ಪಾಡು ಮಾಡಿಕೊಂಡಿದ್ದ. ಪ್ರತಿ ಸೋಮವಾರ ಮತ್ತು ಶುಕ್ರವಾರ ಸಂಜೆ ಐದು ಗಂಟೆಗೆ ಇಬ್ಬರೂ ತಾವಿದ್ದಲ್ಲೇ ಒಬ್ಬರನ್ನೊಬ್ಬರು ನೆನೆಯಬೇಕು, ಎದುರಾಗಿ ಸೇರುವವರೆಗೆ ಮನಸ್ಸಿನಲ್ಲೇ ಸೇರಬೇಕು. ವಸಾಹತಿನ ಗವರ್ನರ್, ಕಟ್ಟಾ ಧಾರ್ಮಿಕ, ಹೀಗೆ ವಾರಕ್ಕೆರಡು ದಿನ ಗಡಿಯಾರ ನೋಡುತ್ತಿದ್ದ.

ತೊಡಕು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗಂಡ, ಹೆಂಡತಿ, ಮಕ್ಕಳು, ಮನೆ ಎಲ್ಲವೂ ದೇವರು ಎರವಲು ಕೊಟ್ಟವು. ಪ್ರೀತಿಸು, ಆದರೆ ಕೊಟ್ಟವನನ್ನು ಮರೆಯುವಷ್ಟು ಪ್ರೀತಿಸಬೇಡ. ಮರೆತರೆ ಅದು ವಿಗ್ರಹಾರಾಧನೆ. ಲೋಕದಲ್ಲಿದ್ದೂ ಲೋಕದಿಂದ ಮೊಲೆಬಿಡಿಸಿದ ಮಗುವಿನಂತಿರಬೇಕು ಎಂಬುದು ಅವರ ಬೋಧನೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಆದರೆ ಎಷ್ಟು ಪ್ರೀತಿಸಿದರೆ ಸರಿ, ಎಲ್ಲಿಂದಾಚೆಗೆ ಅತಿ? ಯಾವ ಉಪದೇಶವೂ ಗೆರೆ ಎಳೆದು ತೋರಿಸಲಾರದು. ಆ ಗೆರೆ ಎಲ್ಲಿತ್ತೆಂದು ಗೊತ್ತಾಗುತ್ತಿದ್ದದ್ದು ಸಾವು ಬಂದ ಮೇಲೆ.

ಇಪ್ಸ್‌ವಿಚ್‌ನಿಂದ ಗಂಡನಿಗೆ

ಆನ್ ಬ್ರಾಡ್‌ಸ್ಟ್ರೀಟ್ ಹುಟ್ಟಿದ್ದು 1612ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ತಂದೆ ಥಾಮಸ್ ಡಡ್ಲಿ ಲಿಂಕನ್ ಅರ್ಲ್ ಎಂಬ ಶ್ರೀಮಂತನ ಮನೆಯ ಮೇಲ್ವಿಚಾರಕ. ದೊಡ್ಡ ಮನೆಯ ಪುಸ್ತಕಗಳ ನಡುವೆ ಬೆಳೆದ ಹುಡುಗಿ. ಹದಿನಾರರ ಹೊತ್ತಿಗೆ ಸಿಡುಬು ಬಂದು ಬದುಕಿದಳು. ಆ ವಯಸ್ಸಿನಲ್ಲೇ ಸೈಮನ್ ಬ್ರಾಡ್‌ಸ್ಟ್ರೀಟ್‌ನನ್ನು ಮದುವೆಯಾದಳು. 1630ರಲ್ಲಿ ವಿಂತ್ರಾಪ್ ಬಂದ ಆರ್ಬೆಲ್ಲಾ ಹಡಗಿನಲ್ಲೇ ಆಕೆಯೂ ಬಂದಳು. ಹೊಸ ಲೋಕ, ಹೊಸ ರೀತಿನೀತಿ ಕಂಡು ನನ್ನ ಹೃದಯ ಎದುರು ನಿಂತಿತು ಎಂದು ಮುಂದೆ ಮಕ್ಕಳಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾಳೆ. ಇದು ದೇವರ ದಾರಿ ಎಂದು ಮನವರಿಕೆಯಾದ ಮೇಲೆ ತಲೆಬಾಗಿದೆ ಎಂಬುದು ಮರುವಾಕ್ಯ. ಹೃದಯ ಎದುರು ನಿಲ್ಲುವುದು, ಆಮೇಲೆ ಬಾಗುವುದು: ಆಕೆಯ ಬಹುಪಾಲು ಕವಿತೆಗಳ ಚಲನೆ ಇದೇ. ಬಾಗುವ ಮುಂಚಿನ ಸಾಲುಗಳನ್ನು ಆಕೆ ಎಂದೂ ಅಳಿಸಿಹಾಕುವುದಿಲ್ಲ. ಆಕೆ ನನಗೆ ಬಹಳ ಇಷ್ಟವಾಗುವುದು ಈ ಕಾರಣಕ್ಕೆ.

ಸೈಮನ್ ವಸಾಹತಿನ ಆಡಳಿತಗಾರರಲ್ಲಿ ಒಬ್ಬ. ಸರ್ಕಾರಿ ಕೆಲಸಕ್ಕೆಂದು ಪದೇಪದೇ ಊರು ಬಿಡಬೇಕಾಗಿತ್ತು. ಇಪ್ಸ್‌ವಿಚ್ ಎಂಬ ಊರಿನಲ್ಲಿ ಮಕ್ಕಳೊಡನೆ ಉಳಿದ ಆನ್ ಆತನಿಗೆ ಪದ್ಯದಲ್ಲಿ ಪತ್ರ ಬರೆದಳು. ನನ್ನ ತಲೆ, ನನ್ನ ಹೃದಯ, ನನ್ನ ಕಣ್ಣು, ನನ್ನ ಜೀವ, ಅದಕ್ಕಿಂತ ಹೆಚ್ಚು, ನನ್ನ ಸಂತೋಷ, ನನ್ನ ಐಹಿಕ ಸಂಪತ್ತಿನ ಉಗ್ರಾಣ ಎಂದು ಆತನನ್ನು ಒಂದೇ ಸಮನೆ ಕರೆದು, ಇಬ್ಬರೂ ಒಬ್ಬರೇ ಆಗಿದ್ದರೆ ನೀನೇಕೆ ಅಲ್ಲಿದ್ದೀ, ನಾನೇಕೆ ಇಲ್ಲಿ ಬಿದ್ದಿದ್ದೇನೆ ಎಂದು ಕೇಳುತ್ತಾಳೆ. ಮುಂದಿನ ರೂಪಕ ನಮ್ಮ ಓದುಗರಿಗೆ ಟಿಪ್ಪಣಿಯಿಲ್ಲದೆ ತಿಳಿಯುತ್ತದೆ. ಗಂಡ ಸೂರ್ಯ, ಆತ ದಕ್ಷಿಣಕ್ಕೆ ಹೋಗಿ ಮಕರ ರಾಶಿಯಲ್ಲಿದ್ದಾನೆ, ಆಕೆ ಚಳಿಗಾಲದ ಭೂಮಿಯಂತೆ ಕಪ್ಪುಟ್ಟು ಕೊರಗುತ್ತಿದ್ದಾಳೆ. ಆತ ಕೆಲಸಕ್ಕೆಂದು ಹೋಗುತ್ತಿದ್ದ ಬಾಸ್ಟನ್ ಇರುವುದೂ ಇಪ್ಸ್‌ವಿಚ್‌ನ ದಕ್ಷಿಣಕ್ಕೇ, ಹಾಗಾಗಿ ಆಕಾಶದ ಲೆಕ್ಕವೂ ನೆಲದ ಲೆಕ್ಕವೂ ಕೂಡಿಬರುತ್ತವೆ. ಮರಗಟ್ಟಿದ ಮೈಗೆ ಇರುವ ಒಂದೇ ಸಮಾಧಾನ ಮಕ್ಕಳು: ನಿನ್ನ ಕಾವಿನಿಂದ ನಾನು ಹೊತ್ತ ಫಲಗಳು, ಅಪ್ಪನ ಮುಖದ ಜೀವಂತ ಚಿತ್ರಗಳು. ನೀನು ಉತ್ತರಕ್ಕೆ ತಿರುಗಿ ಬಂದಾಗ ನನ್ನ ಸೂರ್ಯ ಮುಳುಗದೆ ನನ್ನೆದೆಯ ಕರ್ಕಾಟಕದಲ್ಲಿ ಉರಿಯುತ್ತಲೇ ಇರಲಿ ಎನ್ನುತ್ತಾಳೆ. ಉಗ್ರ ಧಾರ್ಮಿಕ ಕುಟುಂಬದ ಹೆಣ್ಣುಮಗಳು ತನ್ನ ಗಂಡನ ಮೈಯ ಬಿಸುಪನ್ನು ಹೀಗೆ ನೆನೆಯುತ್ತಾಳೆ, ಅದರಲ್ಲಿ ಅಳುಕಿನ ಎಳೆಯೂ ಇಲ್ಲ. ಅಳುಕಬೇಕಾದ್ದೇನೂ ಇರಲಿಲ್ಲ. ಕೊನೆಯಲ್ಲಿ ಆಕೆ ಹಿಡಿಯುವುದು ಆದಿಕಾಂಡದಲ್ಲಿ ಆದಾಮ ಹವ್ವಳನ್ನು ಕಂಡು ಆಡಿದ ಎಲುಬಿನ ಎಲುಬು, ಮಾಂಸದ ಮಾಂಸ ಎಂಬ ಮಾತನ್ನೇ. ದೇವರ ಪುಸ್ತಕವೇ ಆಕೆಗೆ ಪ್ರೇಮದ ಭಾಷೆ ಕೊಟ್ಟಿತ್ತು.

ಹೆಚ್ಚು ಹೆಸರಾದದ್ದು ಇನ್ನೊಂದು ಪದ್ಯ, ಹನ್ನೆರಡೇ ಸಾಲಿನದು. ಇಬ್ಬರು ಒಂದಾದದ್ದು ಎಂದಾದರೂ ಇದ್ದರೆ ಅದು ನಾವೇ ಎಂದು ಶುರುವಾಗುತ್ತದೆ. ಚಿನ್ನದ ಗಣಿಗಳಿಗಿಂತ, ಪೂರ್ವದೇಶಗಳ ಎಲ್ಲ ಸಿರಿಗಿಂತ ನಿನ್ನ ಪ್ರೀತಿ ದೊಡ್ಡದು. ನನ್ನ ಪ್ರೀತಿಯನ್ನು ನದಿಗಳೂ ನಂದಿಸಲಾರವು. ಈ ನದಿಯ ಮಾತು ಬೈಬಲಿನ ಪರಮಗೀತದಿಂದ ಹರಿದುಬಂದದ್ದು. ನಾನು ತಡೆದು ನಿಲ್ಲುವುದು ಕೊನೆಯ ಎರಡು ಸಾಲಿನಲ್ಲಿ: ಬದುಕಿರುವಷ್ಟು ಕಾಲ ಪ್ರೀತಿಯಲ್ಲಿ ಹೀಗೇ ಪಟ್ಟುಬಿಡದೆ ಇರೋಣ, ಬದುಕು ಮುಗಿದ ಮೇಲೆ ಎಂದೆಂದೂ ಬದುಕುವಂತೆ. ಮೇಲ್ನೋಟಕ್ಕೆ ಇದು ಸರಳ ಹಾರೈಕೆ. ಆದರೆ ಆಕೆಯ ಧರ್ಮದ ಪ್ರಕಾರ ಸ್ವರ್ಗದಲ್ಲಿ ಮದುವೆಯಿಲ್ಲ, ಯೇಸು ಹಾಗೆ ಹೇಳಿದ್ದಾನೆಂದು ಮತ್ತಾಯನ ಸುವಾರ್ತೆಯಲ್ಲಿದೆ. ಮೋಕ್ಷ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಬರುವಂಥದ್ದು, ಅದೂ ದೇವರ ಕೃಪೆಯಿಂದ. ಗಂಡಹೆಂಡಿರ ಪ್ರೀತಿಯಿಂದ ಸಿಗುವಂಥದ್ದಲ್ಲ. ಆಕೆಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಆ ಸಾಲಿನಲ್ಲಿ ಎಂದೆಂದೂ ಬದುಕುವವರು 'ನಾವು'. ಪ್ರೀತಿಯನ್ನು ಮೋಕ್ಷದ ಮೆಟ್ಟಿಲಾಗಿ ಇಟ್ಟಳೋ, ಮೋಕ್ಷವನ್ನು ಪ್ರೀತಿಯ ಮುಂದುವರಿಕೆಯಾಗಿ ಬಯಸಿದಳೋ? ಪದ್ಯ ಎರಡಕ್ಕೂ ಎಡೆಕೊಟ್ಟು ನಿಲ್ಲುತ್ತದೆ.

ಹೆರಿಗೆಯ ಮುನ್ನ ಬರೆದ ಪದ್ಯದಲ್ಲಿ ಇದೇ ಜಗ್ಗಾಟ ಇನ್ನೂ ಬಿಗಿ. ಹೆರಿಗೆಯಲ್ಲಿ ಸಾಯುವುದು ಅಂದು ಪ್ರತಿ ಬಸುರಿಯ ಕಣ್ಣೆದುರಿನ ಸಾಧ್ಯತೆ. ನಮ್ಮನ್ನು ಒಂದು ಮಾಡಿದ ಗಂಟು ಬಿಚ್ಚಿಹೋದ ಮೇಲೆ ನಾನು ನಿನ್ನವಳಂತೆ ಕಂಡೇನು, ಆದರೆ ಯಾರೂ ಅಲ್ಲ ಎಂದು ಧರ್ಮದ ನಿಯಮವನ್ನು ಚಾಚೂ ತಪ್ಪದೆ ಒಪ್ಪುತ್ತಾಳೆ. ಸಾವು ಮದುವೆಯನ್ನು ಮುಗಿಸುತ್ತದೆ, ಸರಿ. ಒಪ್ಪಿದ ಮೇಲೆ ಬೇಡಿಕೆಗಳು ಒಂದೊಂದಾಗಿ ಬರುತ್ತವೆ. ನಿನ್ನ ದುಃಖ ಆರಿದ ಮೇಲೂ ನಿನ್ನ ತೋಳಿನಲ್ಲಿ ಬಹುಕಾಲ ಮಲಗಿದ್ದ ಈ ಸತ್ತವಳನ್ನು ಪ್ರೀತಿಸು. ನನ್ನ ತಪ್ಪುಗಳು ನನ್ನೊಡನೆ ಮಣ್ಣಾಗಲಿ. ನನ್ನ ಕಂದಮ್ಮಗಳನ್ನು ನೋಡಿಕೋ, ಮಲತಾಯಿಯ ಕಾಟದಿಂದ ಕಾಪಾಡು. ಈ ಪದ್ಯ ಎಂದಾದರೂ ಕಣ್ಣಿಗೆ ಬಿದ್ದರೆ ನಿಟ್ಟುಸಿರಿಡು, ಈ ಕಾಗದಕ್ಕೆ ಮುತ್ತಿಡು. ಯಾರೂ ಅಲ್ಲ ಎಂದವಳು ಕೇಳುತ್ತಿರುವುದು ಇಷ್ಟನ್ನು! ಆಕೆ ಹೆರಿಗೆಯಲ್ಲಿ ಸಾಯಲಿಲ್ಲ. ಎಂಟು ಮಕ್ಕಳನ್ನು ಹೆತ್ತು 1672ರವರೆಗೆ ಬದುಕಿದಳು. ಆಕೆ ಸತ್ತ ನಾಲ್ಕು ವರ್ಷಕ್ಕೆ ಸೈಮನ್ ಇನ್ನೊಂದು ಮದುವೆಯಾದ.

ಸುಟ್ಟ ಮನೆ, ಮೂರು ಮೊಮ್ಮಕ್ಕಳು

ಮೊಲೆಬಿಡಿಸುವ ರೂಪಕವನ್ನು ಆಕೆ ತಾಯಿಯಾಗಿ ಬಲ್ಲಳು. ಮಗ ಸೈಮನ್‌ಗೆಂದು 1664ರಲ್ಲಿ ಬರೆದುಕೊಟ್ಟ ಗದ್ಯ ಚಿಂತನೆಗಳಲ್ಲಿ ಒಂದು ಹೀಗಿದೆ: ಕೆಲವು ಮಕ್ಕಳಿಗೆ ಮೊಲೆ ಬಿಡಿಸುವುದು ಬಲು ಕಷ್ಟ, ತೊಟ್ಟಿಗೆ ಕಹಿಸೊಪ್ಪನ್ನೋ ಸಾಸಿವೆಯನ್ನೋ ಸವರಿದರೂ ಅದನ್ನು ಒರೆಸಿಹಾಕುತ್ತವೆ, ಇಲ್ಲವೇ ಕಹಿಯನ್ನೂ ಸಿಹಿಯನ್ನೂ ಒಟ್ಟಿಗೇ ಹೀರುತ್ತವೆ. ಕೆಲವು ಕ್ರೈಸ್ತರೂ ಹಾಗೆಯೇ, ದೇವರು ಈ ಬದುಕಿನ ಸವಿಗಳನ್ನೆಲ್ಲ ಕಹಿಮಾಡಿದರೂ ಬಿಡುವುದಿಲ್ಲ. ಬೇವು ಸವರಿ ಮೊಲೆ ಬಿಡಿಸುವುದನ್ನು ಕಂಡಿರುವ ನಮ್ಮ ಮನೆಗಳವರಿಗೆ ಆ ಮಗುವಿನ ಮುಖ ಎದುರಿಗೆ ಬರುತ್ತದೆ. ಬ್ರಾಡ್‌ಸ್ಟ್ರೀಟ್ ಆ ಮಗುವನ್ನು ಬೈಯುವಂತೆ ಬರೆದಿದ್ದಾಳೆ. ಆದರೆ ಆಕೆಯ ಕವಿತೆಗಳಲ್ಲಿ ಕಹಿಯನ್ನೂ ಸಿಹಿಯನ್ನೂ ಒಟ್ಟಿಗೆ ಹೀರುವ ಮಗು ಆಕೆಯೇ.

1666ರ ಜುಲೈ 10ರ ರಾತ್ರಿ ಆಂಡೋವರ್ ಊರಿನ ಆಕೆಯ ಮನೆ ಸುಟ್ಟುಹೋಯಿತು. ಅದರ ಮೇಲೆ ಬರೆದ ಪದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಈ ಕಾವ್ಯ ಕೆಲಸ ಮಾಡುವ ಬಗೆ ಅಲ್ಲಿ ಬಿಡಿಸಿಟ್ಟಂತೆ ಕಾಣುತ್ತದೆ. ನಿದ್ದೆಯಿಂದೆದ್ದು, ಬೆಂಕಿ ಬೆಂಕಿ ಎಂಬ ಕೂಗು ಕೇಳಿ, ಹೊರಗೆ ಬಂದು, ಇನ್ನು ನೋಡಲಾರೆ ಎನ್ನುವವರೆಗೂ ಉರಿಯನ್ನು ನೋಡಿ, ಕೂಡಲೇ ಆಕೆ ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮಾತನ್ನು ಹಿಡಿಯುತ್ತಾಳೆ. ಕನ್ನಡ ಬೈಬಲ್ ಓದಿದವರು ಬಲ್ಲ ಮಾತೇ ಅದು, ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು. ಅದು ಆತನದೇ ಆಗಿತ್ತು, ನನ್ನದಲ್ಲ. ಎಲ್ಲವನ್ನೂ ಕಿತ್ತುಕೊಳ್ಳಬಹುದಿತ್ತು, ಸಾಕಾಗುವಷ್ಟು ಉಳಿಸಿದ್ದಾನೆ. ಧರ್ಮದ ಉತ್ತರ ಸಿಕ್ಕಿತು. ಪದ್ಯ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯುವುದಿಲ್ಲ. ಆಮೇಲೆ ಆ ಬೂದಿಯ ಪಕ್ಕ ಹಾದುಹೋಗುವಾಗಲೆಲ್ಲ ಕಣ್ಣು ಆ ಕಡೆ ತಿರುಗುತ್ತದೆ. ಇಲ್ಲಿ ಆ ಟ್ರಂಕು ಇತ್ತು, ಅಲ್ಲಿ ಆ ಪೆಟ್ಟಿಗೆ, ಅಗೋ ಅಲ್ಲಿ ನನಗೆ ತೀರಾ ಬೇಕಾಗಿದ್ದ ಸಾಮಾನು. ಇದು ಮನೆಯೊಡತಿಯ ನೆನಪು, ಯಾವ ವಸ್ತು ಯಾವ ಮೂಲೆಯಲ್ಲಿತ್ತೆಂದು ಕತ್ತಲಲ್ಲೂ ಹೇಳಬಲ್ಲವಳದು. ಬಳಿಕ ಆಕೆ ಮನೆಯನ್ನೇ 'ನೀನು' ಎಂದು ಮಾತಾಡಿಸತೊಡಗುತ್ತಾಳೆ. ನಿನ್ನ ಸೂರಿನಡಿ ಇನ್ನು ಅತಿಥಿ ಕೂರುವುದಿಲ್ಲ, ನಿನ್ನ ಮೇಜಿನಲ್ಲಿ ಯಾರೂ ಒಂದು ತುತ್ತು ಉಣ್ಣುವುದಿಲ್ಲ, ಇಲ್ಲಿ ಹಳೆಯ ಕತೆ ಹೇಳುವುದಿಲ್ಲ, ಮೇಣದಬತ್ತಿ ಬೆಳಗುವುದಿಲ್ಲ, ಮದುಮಗನ ದನಿ ಕೇಳುವುದಿಲ್ಲ. ಗಮನಿಸಿ: ಸುಟ್ಟುಹೋದದ್ದು ಟ್ರಂಕು, ಪೆಟ್ಟಿಗೆ. ಆಕೆ ಅಳುತ್ತಿರುವುದು ಇನ್ನೂ ನಡೆಯದ ಊಟಗಳಿಗೆ, ಇನ್ನೂ ಬಾರದ ಅತಿಥಿಗಳಿಗೆ. ದೇವರು ಕೊಟ್ಟದ್ದನ್ನು ದೇವರು ತೆಗೆದುಕೊಂಡ ಎಂಬ ಲೆಕ್ಕದಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ. ಕೊಟ್ಟೇ ಇರಲಿಲ್ಲವಲ್ಲ.

ಆಗ ತಾನೇ ತನ್ನ ಹೃದಯವನ್ನು ಗದರುತ್ತಾಳೆ. ಎಲ್ಲವೂ ವ್ಯರ್ಥ ಎಂಬ, ಬೈಬಲಿನ ಪ್ರಸಂಗಿ ಪುಸ್ತಕದ ಮಾತು ಬರುತ್ತದೆ. ಮೇಲೊಂದು ಮನೆಯಿದೆ, ಮಹಾಶಿಲ್ಪಿ ಕಟ್ಟಿದ್ದು, ಅದಕ್ಕೆ ನಾಶವಿಲ್ಲ. ಕೊನೆಯ ಸಾಲುಗಳು: ಲೋಕವನ್ನು ನಾನು ಇನ್ನು ಪ್ರೀತಿಸದಂತಾಗಲಿ, ನನ್ನ ಭರವಸೆ, ನನ್ನ ನಿಧಿ ಮೇಲಿದೆ. ಇದನ್ನು ಪ್ರಾರ್ಥನೆಯಾಗಿ ಓದಬೇಕು ಎಂದು ನನ್ನ ಅನಿಸಿಕೆ. ಪ್ರೀತಿ ಬಿಟ್ಟುಹೋಗಿದ್ದರೆ ಬಿಡಿಸು ಎಂದು ಯಾರೂ ಬೇಡುವುದಿಲ್ಲ. ಕೆಲವು ವಿಮರ್ಶಕರು ಈ ಪದ್ಯದಲ್ಲಿ ಬಂಡಾಯ ಕಾಣುತ್ತಾರೆ, ಕೊನೆಯ ಶರಣಾಗತಿ ಬರೀ ತೋರಿಕೆ ಎನ್ನುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಆಕೆಯ ನಂಬಿಕೆ ನಿಜವಾದದ್ದು, ಅದಕ್ಕೇ ಅಷ್ಟು ನೋವು. ನಂಬಿಕೆ ತೋರಿಕೆಯದಾಗಿದ್ದರೆ ಜಗ್ಗಾಟವೇ ಇರುತ್ತಿರಲಿಲ್ಲ. ಮಕ್ಕಳಿಗೆ ಬರೆದ ಪತ್ರದಲ್ಲಿ, ಬೈಬಲ್ ನಿಜವೇ, ದೇವರು ಇದ್ದಾನೆಯೇ ಎಂಬ ಸಂಶಯಗಳೂ ತನ್ನನ್ನು ಕಾಡಿದ್ದವೆಂದು ಆಕೆ ಬಚ್ಚಿಡದೆ ಹೇಳಿದ್ದಾಳೆ. ಸಂಶಯಪಟ್ಟು ನಂಬಿದವಳ ನಂಬಿಕೆ ಅದು.

ಮನೆಗಿಂತ ದೊಡ್ಡ ಪರೀಕ್ಷೆ ಮೊಮ್ಮಕ್ಕಳ ಸಾವು. ಮದುವೆಯಾಗಿ ಬಹುಕಾಲ ಆನ್‌ಗೆ ಮಕ್ಕಳಾಗಿರಲಿಲ್ಲ. ಬೇಡಿ, ಅತ್ತು ಪಡೆದ ಮೊದಲ ಮಗ ಸ್ಯಾಮ್ಯುಯೆಲ್. ಆತನ ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. 1665ರ ಆಗಸ್ಟಿನಲ್ಲಿ ಒಂದೂವರೆ ವರ್ಷದ ಎಲಿಜಬೆತ್. 1669ರ ಜೂನಿನಲ್ಲಿ ಮೂರು ವರ್ಷ ಏಳು ತಿಂಗಳ ಆನ್, ಅಜ್ಜಿಯ ಹೆಸರಿಟ್ಟುಕೊಂಡವಳು. ಅದೇ ವರ್ಷ ನವೆಂಬರಿನಲ್ಲಿ ಒಂದು ತಿಂಗಳು ಒಂದು ದಿನದ ಸೈಮನ್. ಮೂವರಿಗೂ ಅಜ್ಜಿ ಪದ್ಯ ಬರೆದಳು. ಮೂರನ್ನೂ ಸಾಲಾಗಿ ಓದಿದರೆ ಭಾಷೆ ಹೇಗೆ ಕುಗ್ಗುತ್ತಾ ಹೋಗುತ್ತದೆಂದು ಕಾಣುತ್ತದೆ.

ಎಲಿಜಬೆತ್‌ಗೆ ಬರೆದದ್ದು 'ಹೋಗಿ ಬಾ' ಎಂದು ಮೂರು ಸಲ ಹೇಳಿ ಶುರುವಾಗುತ್ತದೆ. ನನ್ನ ಹೃದಯದ ಅತಿಯಾದ ಸಂತೋಷವೇ, ಹೋಗಿ ಬಾ. ಮೊದಲ ಸಾಲಿನಲ್ಲೇ ತಪ್ಪೊಪ್ಪಿಗೆ ಇದೆ: ಪ್ರೀತಿ ಎಲ್ಲೆ ದಾಟಿತ್ತು. ನೀನು ಶಾಶ್ವತವಾದ ನೆಲೆ ಸೇರಿರುವಾಗ ನಾನೇಕೆ ಅಳಲಿ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ಎರಡನೆಯ ಪದ್ಯಭಾಗದಲ್ಲಿ ತೋಟ ಬರುತ್ತದೆ. ಮರ ಬೆಳೆದು ಕೊಳೆಯುವುದು, ಸೇಬು ಮಾಗಿ ಉದುರುವುದು, ಪೈರನ್ನು ಕಾಲಕ್ಕೆ ಕೊಯ್ಯುವುದು ಸಹಜ. ಆದರೆ ಈಗಷ್ಟೇ ನೆಟ್ಟ ಸಸಿಯನ್ನು ಕೀಳುವುದು, ಈಗಷ್ಟೇ ಅರಳಿದ ಮೊಗ್ಗಿನ ಆಯುಷ್ಯ ಅಷ್ಟಕ್ಕೇ ಮುಗಿಯುವುದು, ಅದು ಪ್ರಕೃತಿಯನ್ನೂ ವಿಧಿಯನ್ನೂ ನಡೆಸುವ ಆತನೊಬ್ಬನ ಕೈಯಿಂದ. ಭಕ್ತಿಯಿಂದ ಓದಿದರೆ ಇದು ದೇವರ ಸಾರ್ವಭೌಮತ್ವದ ಒಪ್ಪಿಗೆ. ಅದೇ ಸಾಲು ದೂರೂ ಹೌದು: ಪ್ರಕೃತಿ ಇದನ್ನು ಮಾಡಲಿಲ್ಲ, ನೀನು ಮಾಡಿದೆ.

ಎರಡನೆಯ ಪದ್ಯದಲ್ಲಿ ಕಳಂಕ ಹೊರಿಸಿಕೊಳ್ಳುವವಳು ತಾನೇ. ಎರವಲು ಬಂದದ್ದನ್ನು ನನ್ನದೆಂದು ಬಗೆದ ನಾನೇ ಮೂರ್ಖಳು. ಅನುಭವದಿಂದಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಸೈಮನ್‌ಗೆ ಬರೆದದ್ದು ಹನ್ನೆರಡೇ ಸಾಲು. ಬಂದ, ಬಂದಂತೆ ಹೋದ, ಮಲಗಿಬಿಟ್ಟ. ಮೂರು ಹೂವು, ಎರಡು ಅರಳಿಯೂ ಅರಳದವು, ಕೊನೆಯದು ಇನ್ನೂ ಮೊಗ್ಗು. ಸರ್ವಶಕ್ತನ ಕೈ ಕಿತ್ತಿತು. 'ಆದರೂ ಆತ ಒಳ್ಳೆಯವನು'. ಈ ಕೊನೆಯ ತುಣುಕು ಸಾಲಿನ ಬಾಲದಲ್ಲಿ ತುರುಕಿದಂತೆ ಬರುತ್ತದೆ, ಮರೆತುಹೋಗುವ ಮುನ್ನ ಹೇಳಿಬಿಡಬೇಕು ಎಂಬಂತೆ. ಮುಂದೆ: ಆತನೆದುರು ಭಯಭಕ್ತಿಯಿಂದ ಮೂಕರಾಗೋಣ, ಅದು ಆತನ ಇಚ್ಛೆ, ಏಕೆಂದು ವಾದಿಸುವುದು ಬೇಡ. ಬಾಯಿಯನ್ನು ಮಣ್ಣಿಗೆ ಹಚ್ಚಿ, ಆತ ನ್ಯಾಯವಂತ ಮಾತ್ರವಲ್ಲ ಕರುಣಾಳು ಎಂದೂ 'ಹೇಳೋಣ'. ಆತ ಕರುಣಾಳು ಎಂದು ಆಕೆ ನೇರವಾಗಿ ಹೇಳಿಲ್ಲ. ಹಾಗೆ ಹೇಳೋಣ ಎಂದಿದ್ದಾಳೆ. ಮೂರನೆಯ ಮಗುವಿನ ಗೋರಿಯ ಪಕ್ಕ ನಿಂತ, ಅರವತ್ತರ ಹತ್ತಿರದ ಹೆಂಗಸಿಗೆ ಅಷ್ಟು ಹೇಳಲೂ ಎಷ್ಟು ಬಲ ಬೇಕಾಗಿತ್ತೋ.

ಹೆಂಡತಿಗೆ ಹೆಚ್ಚು, ದೇವರಿಗೆ ಕಡಿಮೆ

ಮತ್ತೆ ಟೇಲರ್ ಕಡೆಗೆ ಬರೋಣ. ಎಲಿಜಬೆತ್ ಫಿಚ್ ಆತನನ್ನು ಮದುವೆಯಾದಳು. ಎಂಟು ಮಕ್ಕಳು ಹುಟ್ಟಿದರು, ಐವರು ಎಳೆಯದರಲ್ಲೇ ಸತ್ತರು. 1689ರಲ್ಲಿ ಆಕೆಯೂ ಹೋದಳು. ಮದುವೆ ಮತ್ತು ಮಕ್ಕಳ ಸಾವಿನ ಮೇಲೆ ಆತ ಬರೆದ ಪದ್ಯ ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡ ನಂತರದ್ದು. ದೇವರು ಸ್ವರ್ಗದ ತೋಟದಲ್ಲಿ ಒಂದು ಚಂದದ ಗಂಟು ಹಾಕಿದ, ಅದು ಮದುವೆ; ಆ ತೋಟದ ಗಿಡ ನಾನು, ಹೂಗಳು ಮಕ್ಕಳು. ಕ್ರಿಸ್ತನಿಗೆ ಸ್ವರ್ಗದಲ್ಲಿ ಒಂದು ಒಳ್ಳೆಯ ಹೂ ಬೇಕಿತ್ತು, ಕಿತ್ತುಕೊಂಡ. ತೆಗೆದುಕೋ ಪ್ರಭು, ನನ್ನದೊಂದು ಭಾಗ ನಿನ್ನ ಬಳಿ ಸೇರಿತು ಎಂದು ಧನ್ಯವಾದ ಹೇಳುತ್ತಾನೆ. ಅಚ್ಚುಕಟ್ಟಾದ ರೂಪಕ, ಅಚ್ಚುಕಟ್ಟಾದ ಸಮಾಧಾನ. ಎರಡನೆಯ ಮಗಳ ಸರದಿ ಬಂದಾಗ ರೂಪಕ ಒಮ್ಮೆಲೇ ಹರಿದುಹೋಗುತ್ತದೆ: ಅಯ್ಯೋ, ಆ ಯಾತನೆ, ವಾಂತಿ, ಚೀರಾಟ, ನರಳಾಟ, ಆರು ವಾರದ ಜ್ವರ, ಕಲ್ಲಿನಂಥ ಎದೆಯನ್ನೂ ಇರಿಯುವಂಥದ್ದು. ಹೂವು ವಾಂತಿ ಮಾಡುವುದಿಲ್ಲ. ಆ ಸಾಲಿನಲ್ಲಿ ಪಾದ್ರಿ ಹಿಂದೆ ಸರಿದು, ಕಾಯಿಲೆಯ ಮಗುವಿನ ಪಕ್ಕ ಆರು ವಾರ ಕೂತಿದ್ದ ಅಪ್ಪ ಬರುತ್ತಾನೆ. ಮರುಸಾಲುಗಳಲ್ಲಿ ಪಾದ್ರಿ ಹೇಗೋ ಮತ್ತೆ ತೋಟಕ್ಕೆ ಮರಳಿ, ಇವರ ಮೂಲಕ ನಾನು ತುಂಡುತುಂಡಾಗಿ ಸ್ವರ್ಗಕ್ಕೆ ಹೋಗುತ್ತಿದ್ದೇನೆ ಎನ್ನುತ್ತಾನೆ.

1682ರಿಂದ 1725ರವರೆಗೆ, ಕ್ರಿಸ್ತನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಸಂಸ್ಕಾರಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಲೆಂದು ಟೇಲರ್ ಇನ್ನೂರಕ್ಕೂ ಹೆಚ್ಚು ಧ್ಯಾನಕವಿತೆಗಳನ್ನು ಬರೆದ. ಮೊದಲನೆಯದರಲ್ಲೇ ದೇವರ ಅಪಾರ ಪ್ರೀತಿಯನ್ನು ಕಂಡು ಬೆರಗಾಗಿ, ಕೊನೆಗೆ ತನ್ನತ್ತ ತಿರುಗಿ ಗೋಳಾಡುತ್ತಾನೆ: ನನ್ನ ಎದೆ ಎಷ್ಟು ಇಕ್ಕಟ್ಟು, ನನ್ನ 'ಉರಿಯಿಲ್ಲದ ಜ್ವಾಲೆ', ಇದೆಂಥ ತಣ್ಣಗಿನ ಪ್ರೀತಿ! ಹೆಂಡತಿಯಾಗುವವಳಿಗೆ ಬರೆದಾಗ ಬೆಂಕಿಯ ಚೆಂಡನ್ನು ಹಿಡಿದಿಡುವುದೇ ಕಷ್ಟವಾಗಿದ್ದವನು, ದೇವರೆದುರು ಬೆಂಕಿಯೇ ಹತ್ತುತ್ತಿಲ್ಲ ಎಂದು ಅಳುತ್ತಾನೆ. ಮನುಷ್ಯರ ಮೇಲೆ ಅತಿಯಾಗಿ, ದೇವರ ಮೇಲೆ ಕೊರತೆಯಾಗಿ, ಎರಡು ಕಡೆಯೂ ಅಳತೆ ತಪ್ಪುವ ಪ್ರೀತಿ ಪ್ಯೂರಿಟನ್ ಕವಿಗಳ ಮುಖ್ಯ ವಸ್ತು. ಕೊರತೆಯನ್ನು ತುಂಬಲು ಅವರು ಮೊರೆಹೋದದ್ದೂ ಮನುಷ್ಯಪ್ರೀತಿಯ ಭಾಷೆಗೇ. ಟೇಲರ್ ಕೊನೆಯ ವರ್ಷಗಳಲ್ಲಿ ಪರಮಗೀತದ ಸಾಲುಗಳನ್ನು ಒಂದೊಂದಾಗಿ ಹಿಡಿದು, ಕ್ರಿಸ್ತನನ್ನು ವರನನ್ನಾಗಿ, ಆತ್ಮವನ್ನು ವಧುವನ್ನಾಗಿ ಕಂಡು ಬರೆದ. ಹಾರ್ಟ್‌ಫರ್ಡ್ ಊರನ್ನು ಕಟ್ಟಿದವರಲ್ಲಿ ಪ್ರಮುಖನಾದ ಥಾಮಸ್ ಹೂಕರ್ ಎಂಬ ಪಾದ್ರಿ, ದೇವರನ್ನು ಹೇಗೆ ಪ್ರೀತಿಸಬೇಕೆಂದು ತಿಳಿಸಲು ಕೊಟ್ಟ ಉದಾಹರಣೆ ಒಲಿದ ಗಂಡಿನದು: ರಾತ್ರಿ ಕನಸಿನಲ್ಲಿ ಅವಳು, ಎಚ್ಚರವಾದಾಗ ಕಣ್ಣಲ್ಲಿ ಅವಳು, ಊಟಕ್ಕೆ ಕೂತಾಗ ಅವಳ ಯೋಚನೆ, ದಾರಿ ನಡೆವಾಗ ಜೊತೆಗೆ ಅವಳು. ಕೇಳುಗರಿಗೆ ಅನುಭವವೇ ಇಲ್ಲದ ಉದಾಹರಣೆಯನ್ನು ಯಾವ ಪಾದ್ರಿಯೂ ಕೊಡುವುದಿಲ್ಲ.

ಅಚ್ಚಾದದ್ದು ಯಾವುದು, ಉಳಿದದ್ದು ಎಲ್ಲಿ

ಇಷ್ಟಿದ್ದೂ ಪ್ಯೂರಿಟನ್ ಎಂದರೆ ಒಣಮುಖದವನು ಎಂಬ ಚಿತ್ರ ಹೇಗೆ ಬಂತು? ಒಂದು ಕಾರಣ ಅವರ ನಡವಳಿಕೆಯಲ್ಲೇ ಇದೆ, ಅದನ್ನು ಮರೆಮಾಚಬಾರದು. ಮನೆಯೊಳಗಿನ ಈ ಮಮತೆ ಒಪ್ಪದವರಿಗೆ ಸಿಗಲಿಲ್ಲ. 1637ರಲ್ಲಿ ಆನ್ ಹಚಿನ್ಸನ್ ಎಂಬಾಕೆ ತನ್ನದೇ ಧಾರ್ಮಿಕ ಅಭಿಪ್ರಾಯಗಳಿಗಾಗಿ ವಿಚಾರಣೆಗೆ ನಿಂತಾಗ, ತೀರ್ಪು ಕೊಟ್ಟವರ ಸಾಲಿನಲ್ಲಿ ಆನ್ ಬ್ರಾಡ್‌ಸ್ಟ್ರೀಟ್‌ಳ ತಂದೆಯೂ ಗಂಡನೂ ಇದ್ದರು. ಹಚಿನ್ಸನ್‌ಳನ್ನು ವಸಾಹತಿನಿಂದ ಹೊರಹಾಕಲಾಯಿತು. ಬ್ರಾಡ್‌ಸ್ಟ್ರೀಟ್‌ಳ ಸ್ವಂತ ತಂಗಿ ಸಾರಾಳನ್ನು 1640ರ ದಶಕದಲ್ಲಿ ಚರ್ಚು ಬಹಿಷ್ಕರಿಸಿತು. 1645ರಲ್ಲಿ ವಿಂತ್ರಾಪ್ ತನ್ನ ದಿನಚರಿಯಲ್ಲಿ, ಒಬ್ಬ ಗವರ್ನರನ ಹೆಂಡತಿಗೆ ಬುದ್ಧಿ ಕೆಟ್ಟಿರುವುದಕ್ಕೆ ಅತಿಯಾಗಿ ಓದಿ ಬರೆದದ್ದೇ ಕಾರಣ, ಮನೆಗೆಲಸ ನೋಡಿಕೊಂಡಿದ್ದರೆ ಚೆನ್ನಾಗಿರುತ್ತಿದ್ದಳು ಎಂದು ಬರೆದ. ಇಂಥ ಊರಿನಲ್ಲಿ ಹೆಂಗಸು ತನ್ನ ಒಳಗನ್ನು ಬರೆದರೆ ಅದನ್ನು ಪೆಟ್ಟಿಗೆಯಲ್ಲೇ ಇಡುತ್ತಿದ್ದಳು.

1650ರಲ್ಲಿ ಲಂಡನ್ನಿನಲ್ಲಿ ಬ್ರಾಡ್‌ಸ್ಟ್ರೀಟ್‌ಳ ಮೊದಲ ಪುಸ್ತಕ ಹೊರಬಂತು. ಹಸ್ತಪ್ರತಿಯನ್ನು ಆಕೆಗೆ ಗೊತ್ತಿಲ್ಲದಂತೆ ಒಯ್ದವನು ತಂಗಿಯ ಗಂಡ ಜಾನ್ ವುಡ್‌ಬ್ರಿಜ್. ಈಕೆ ಮನೆಗೆಲಸ ಬಿಟ್ಟು ಬರೆದವಳಲ್ಲ, ನಿದ್ದೆಯಲ್ಲಿ ಕಡಿತ ಮಾಡಿದ ಗಂಟೆಗಳ ಫಲ ಇದು ಎಂದು ಮುನ್ನುಡಿಯಲ್ಲಿ ಆತ ಖಾತ್ರಿ ಕೊಡಬೇಕಾಯಿತು. ಆ ಪುಸ್ತಕದಲ್ಲಿ ಇದ್ದದ್ದು ಬಹುಪಾಲು ಇತಿಹಾಸ, ಋತುಗಳು, ಬೆಂಕಿ ನೀರು ಗಾಳಿ ಮಣ್ಣು ಎಂಬ ನಾಲ್ಕು ಮೂಲಭೂತಗಳಂಥ ವಿಷಯಗಳ ಪಾಂಡಿತ್ಯದ ಪದ್ಯಗಳು. ಗಂಡನಿಗೆ, ಮೊಮ್ಮಕ್ಕಳಿಗೆ ಬರೆದವು ಆಕೆ ಸತ್ತ ಆರು ವರ್ಷಕ್ಕೆ, 1678ರ ಬಾಸ್ಟನ್ ಆವೃತ್ತಿಯಲ್ಲಿ ಸೇರಿದವು. ಸುಟ್ಟ ಮನೆಯ ಪದ್ಯ ಬಿಡಿಹಾಳೆಯಿಂದ ನಕಲಾಗಿ ಮನೆಯವರ ಹಸ್ತಪ್ರತಿಯಲ್ಲಿ ಕೂತಿತ್ತು, ಅಚ್ಚಾದದ್ದು 1867ರಲ್ಲಿ. ಟೇಲರ್‌ನದು ಇನ್ನೂ ದೀರ್ಘ ಕತೆ. ಆತನ ಹಸ್ತಪ್ರತಿ ಮೊಮ್ಮಗ ಎಜ್ರಾ ಸ್ಟೈಲ್ಸ್ ಮೂಲಕ ಯೇಲ್ ಗ್ರಂಥಾಲಯ ಸೇರಿ, 1937ರಲ್ಲಿ ಥಾಮಸ್ ಜಾನ್ಸನ್ ಎಂಬ ವಿದ್ವಾಂಸ ಅದನ್ನು ಹೊರತೆಗೆಯುವವರೆಗೂ ಅಲ್ಲೇ ಮಲಗಿತ್ತು. ಧ್ಯಾನಕವಿತೆಗಳೆಲ್ಲ ಸೇರಿದ ದೊಡ್ಡ ಸಂಪುಟ ಬಂದದ್ದು 1960ರಲ್ಲಿ.

ಆ ನಡುವಿನ ಶತಮಾನಗಳಲ್ಲಿ ಮನೆಮನೆಯಲ್ಲಿ ಓದಿಸಿಕೊಂಡ ಪ್ಯೂರಿಟನ್ ಕವಿತೆ ಬೇರೆಯೇ. ಮೈಕಲ್ ವಿಗಲ್ಸ್‌ವರ್ತ್ 1662ರಲ್ಲಿ ಅಚ್ಚುಹಾಕಿಸಿದ, ಅಂತಿಮ ತೀರ್ಪಿನ ದಿನದ ಮೇಲಿನ ನೀಳ್ಗವಿತೆ ಅದು. ಹುಟ್ಟಿ ಸತ್ತ ಹಸುಗೂಸುಗಳೂ ದೇವರೆದುರು ವಾದಿಸಿ ಸೋಲುತ್ತವೆ. ನರಕದ ಅತ್ಯಂತ ಸುಲಭದ ಕೋಣೆ ಅವಕ್ಕೆ ಸಿಗುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು, ಪ್ರತಿಗಳು ಓದಿ ಓದಿ ಹರಿದುಹೋಗುತ್ತಿದ್ದವು. ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅದೇ ವಿಗಲ್ಸ್‌ವರ್ತ್ ಇಟ್ಟ ದಿನಚರಿಯಲ್ಲಿ, ತನ್ನ ಶಿಷ್ಯರ ಮೇಲಿನ ಮಮತೆ ಮಿತಿ ಮೀರುತ್ತಿದೆ ಎಂದು ನಡುಗುತ್ತಾ ಬರೆದುಕೊಂಡಿದ್ದಾನೆ, ಕೆಲವು ಭಾಗಗಳನ್ನು ಗುಪ್ತಲಿಪಿಯಲ್ಲಿ. ನರಕದ ಕವಿತೆ ಸಾವಿರಾರು ಮನೆ ತಲುಪಿತು. ದಿನಚರಿ ಬೆಳಕು ಕಂಡದ್ದು 20ನೇ ಶತಮಾನದಲ್ಲಿ.